ಕ್ಯಾರಿಯರ್ ಮಾಸ್ತರರು

ಹೊನ್ನಾವರದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದ ಜಟ್ಟಪ್ಪ ಮಾಸ್ತರರಿಗೆ ಈ ಲೋಕದಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ, ಹೆಂಡತಿಯ ಅಣ್ಣ ಈರಪ್ಪನೊಬ್ಬನನ್ನು ಬಿಟ್ಟು. ಈರಪ್ಪ ಕುಮಟೆಯ ಒಂದು ಸಗಟು ವ್ಯಾಪಾರದ ವಖಾರಿಯಲ್ಲಿ ಹೆಡ್ ಗುಮಾಸ್ತ. ಸೆಕೆಗಾಲದಲ್ಲೂ ಕೋಟು ಬಿಚ್ಚುತ್ತಿರಲಿಲ್ಲ. ಹಬ್ಬಕ್ಕೆ ಬಂದಾಗಲೆಲ್ಲ ತಂಗಿಯ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತು, "ಎಂತ ಬಾವ, ಇನ್ನೂ ಆ ಅಶೋಕನ್ನೇ ಕಲಿಸ್ತಾ ಇದ್ರಾ? ಅವ ಮರ ನೆಟ್ಟದ್ದು ಇನ್ನೂ ಮುಗೀಲಿಲ್ವಾ?" ಎಂದು ಕೇಳುತ್ತಿದ್ದ. ಮಾಸ್ತರರು ನಕ್ಕು ಸುಮ್ಮನಾಗುತ್ತಿದ್ದರು. ಅವನು ಬಸ್ಸು ಹತ್ತಿದ ಮೇಲೆ ಮಾತ್ರ ಹೆಂಡತಿ ಮಾದೇವಿಯನ್ನು ಹಿಡಿದು, "ನಿನ್ನ ಅಣ್ಣನಿಗೆ ಅಶೋಕ ಯಾರು ಅಂತಾದ್ರೂ ಗೊತ್ತದ್ಯಾ?" ಎಂದು ಕೇಳುತ್ತಿದ್ದರು. ಮಾದೇವಿ ಒಲೆ ಊದುತ್ತಲೇ, "ಗೊತ್ತಿಲ್ದೆ ಎಂತ? ಮರ ನೆಟ್ಟವ" ಅನ್ನುತ್ತಿದ್ದಳು.

ಅರವತ್ತಮೂರರ ಬೇಸಿಗೆಯಲ್ಲಿ ಹೈಸ್ಕೂಲಿಗೆ ಒಂದು ಸುತ್ತೋಲೆ ಬಂತು. ಪ್ರತಿ ಶಾಲೆಯಿಂದ ಒಬ್ಬ ಮಾಸ್ತರರು ಧಾರವಾಡಕ್ಕೆ ಹೋಗಿ ತರಬೇತಿ ಪಡೆದು 'ಕರಿಯರ್ ಮಾಸ್ತರ್' ಆಗಿ ಬರಬೇಕು, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮುಂದೆ ಯಾವ ಉದ್ಯೋಗ ಹಿಡಿಯಬೇಕೆಂದು ದಾರಿ ತೋರಿಸಬೇಕು. ಇದಕ್ಕೆ ಬೇರೆ ಸಂಬಳವಿಲ್ಲ ಎಂಬ ಕೊನೆಯ ಸಾಲನ್ನು ಉಳಿದ ಮಾಸ್ತರರೆಲ್ಲ ಮೊದಲು ಓದಿದರು. ಗಣಿತದ ಮಾಸ್ತರರಿಗೆ ತಕ್ಷಣ ಮೊಣಕಾಲು ನೋವು ಬಂತು. ವಿಜ್ಞಾನದ ಮಾಸ್ತರರ ಮನೆಯಲ್ಲಿ ಎಮ್ಮೆ ಕರು ಹಾಕುವುದಿತ್ತು. ಜಟ್ಟಪ್ಪ ಮಾಸ್ತರರು ಮಾತ್ರ ಮೊದಲ ಸಾಲಿನ ಆ ಎರಡು ಇಂಗ್ಲಿಷ್ ಶಬ್ದಗಳಲ್ಲೇ ನಿಂತುಬಿಟ್ಟರು. ಅದನ್ನು ಈರಪ್ಪನ ಎದುರು ಹೇಗೆ ಉಚ್ಚರಿಸಬೇಕು ಎಂದು ಯೋಚಿಸುತ್ತ ಅವರು ತಲೆ ಆಡಿಸಿದ್ದನ್ನು ಹೆಡ್‌ಮಾಸ್ತರರು ಒಪ್ಪಿಗೆ ಎಂದು ಬರೆದುಕೊಂಡರು.

ಧಾರವಾಡದಿಂದ ಮಾಸ್ತರರು ಒಂದು ಮರದ ಪೆಟ್ಟಿಗೆ ಹಿಡಿದುಕೊಂಡು ಬಂದರು. ಅದರೊಳಗೆ ಉರುಟು, ಚೌಕ, ಮೂರು ಮೂಲೆ ಹೀಗೆ ತರತರದ ಮರದ ತುಂಡುಗಳು, ಅವನ್ನು ಕೂರಿಸಲು ಅಂಥವೇ ತೂತುಗಳಿರುವ ಒಂದು ಹಲಗೆ. ಯಾರು ಯಾವ ತುಂಡನ್ನು ಹೇಗೆ ಕೂರಿಸುತ್ತಾರೆ ಎಂದು ನೋಡಿದರೆ ಅವರಿಗೆ ಯಾವ ಕೆಲಸ ಒಗ್ಗುತ್ತದೆ ಎಂದು ತಿಳಿಯುತ್ತದಂತೆ. ಮಾದೇವಿ ಮೊದಲ ದಿನವೇ ಎಲ್ಲವನ್ನೂ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕೂರಿಸಿ, "ಈಗ ಎಂತ ನೌಕರಿ ಕೊಡ್ತ್ರಿ?" ಎಂದು ಕೇಳಿ ಒಳಗೆ ಹೋದಳು. ಆ ಮಾತಿನಲ್ಲಿದ್ದ ಅಪಾಯ ಮಾಸ್ತರರಿಗೆ ಹೊಳೆಯಲಿಲ್ಲ.

ಮನೆಯ ಎದುರು ಬೋರ್ಡು ಹಾಕಿಸಬೇಕೆಂದು ಅವರಿಗೆ ಆಸೆ. ಪೇಂಟರನಿಗೆ 'ಉದ್ಯೋಗ ಮಾರ್ಗದರ್ಶನ ನೀಡಲಾಗುವುದು' ಎಂದು ಬರೆದು ಕೊಟ್ಟರು. ಪೇಂಟರ ನಾಟಕದ ಬೋರ್ಡು ಬರೆದು ಪಳಗಿದವನು. 'ಉದ್ಯೋಗ'ವನ್ನು ಎಷ್ಟು ಭರ್ಜರಿಯಾಗಿ ಕೆಂಪಿನಲ್ಲಿ ಬರೆದನೆಂದರೆ ಹಲಗೆ ಅರ್ಧ ಅಲ್ಲೇ ಮುಗಿಯಿತು. ಉಳಿದರ್ಧದಲ್ಲಿ 'ನೀಡಲಾಗುವುದು' ಬರೆದ. ಆಮೇಲೆ ನೆನಪಾಗಿ, 'ಮಾರ್ಗದರ್ಶನ'ವನ್ನು ನಡುವಿನ ಸಂದಿಯಲ್ಲಿ ಇರುವೆ ಸಾಲಿನ ಹಾಗೆ ಹೊಗಿಸಿದ. ಮಾಸ್ತರರು ಬೋರ್ಡನ್ನು ಮೂಗಿನ ಹತ್ತಿರ ಹಿಡಿದು ಓದಿ, ಕಾಗುಣಿತ ಸರಿಯಿದೆ ಎಂದು ಸಂತೋಷಪಟ್ಟು ಗೋಡೆಗೆ ಹೊಡೆಸಿದರು. ದಾರಿಯಲ್ಲಿ ಹೋಗುವವರು ಯಾರೂ ಬೋರ್ಡನ್ನು ಮೂಗಿನ ಹತ್ತಿರ ಹಿಡಿದು ಓದುವುದಿಲ್ಲ.

ಆ ದಾರಿ ತಾರಿ ಬಾಗಿಲಿಗೆ, ಎಂದರೆ ಹೊಳೆ ದಾಟಿಸುವ ಲಾಂಚು ನಿಲ್ಲುವಲ್ಲಿಗೆ ಹೋಗುವ ದಾರಿ. ಭಟ್ಕಳದ ಕಡೆಯ ಜನವೆಲ್ಲ ಶರಾವತಿ ದಾಟಿ ಅಲ್ಲೇ ಇಳಿಯಬೇಕು, ಮಾಸ್ತರರ ಮನೆಯ ಎದುರಿನಿಂದಲೇ ಪೇಟೆಗೆ ಹೋಗಬೇಕು. ಮೊದಲ ದಿನ ಬೋರ್ಡು ಓದಿದ್ದು ಒಬ್ಬ ಕೋರ್ಟು ಪಕ್ಷಗಾರ. ಅವನು ತಿರುಗಿ ಹೋಗುವಾಗ ಲಾಂಚಿನಲ್ಲಿ, "ಜಟ್ಟಪ್ಪ ಮಾಸ್ತರರ ಮನೇಲಿ ನೌಕರಿ ಕೊಡ್ತ್ರಂತೆ, ಸರಕಾರದ್ದೇ" ಅಂದ. ಲಾಂಚು ನಡುನೀರಿಗೆ ಬರುವಷ್ಟರಲ್ಲಿ ಮಾಸ್ತರರು ಧಾರವಾಡದಲ್ಲಿ ದೊಡ್ಡ ಪರೀಕ್ಷೆ ಪಾಸಾಗಿದ್ದರು. ಕಾಸರಕೋಡಿನ ದಡ ಮುಟ್ಟುವಷ್ಟರಲ್ಲಿ ಅವರ ಪೆಟ್ಟಿಗೆಯ ತುಂಬ ಆರ್ಡರುಗಳಿದ್ದವು, ಹೆಸರು ಬರೆಯುವುದೊಂದೇ ಬಾಕಿ.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ದುರ್ಗಮ್ಮ ನಿಂತಿದ್ದಳು. ಕಾಸರಕೋಡಿನವಳು, ಹೊಳೆ ದಾಟಿ ಬಂದು ಹೊನ್ನಾವರದ ಮನೆಮನೆಗೆ ಮೀನು ಮಾರುವವಳು. ಅವಳ ಗಂಡ ದಾಸ ದೋಣಿ ಹೊಡೆಯುವವನು. ಮಗಳು ಮಂಜಿ ಮಾಸ್ತರರ ಶಾಲೆಯಲ್ಲೇ ಎಸ್ಸೆಸ್ಸೆಲ್ಸಿ ತರಗತಿಯಲ್ಲಿದ್ದಳು. ಸಣ್ಣ ಎಂಬ ಹೆಸರಿನ ಮಗ ಅದೇ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ ಮನೆಯಲ್ಲಿದ್ದ, ಈಗ ತಾಯಿಯ ಬೆನ್ನಿಗೆ ಅಡಗಿ ನಿಂತಿದ್ದ. ದುರ್ಗಮ್ಮ ಬುಟ್ಟಿಯಿಂದ ಮೊಳದುದ್ದದ ಇಸೋಣ ಮೀನು ತೆಗೆದು ಜಗಲಿಯ ಮೇಲೆ ಇಟ್ಟಳು.

"ಮಾಸ್ತರೇ, ಈ ಹುಡುಗ ದೋಣಿ ಹತ್ತಿದ್ರೆ ವಾಂತಿ ಮಾಡ್ತ. ತಾರಿ ದಾಟೂಕೂ ವಾಂತಿ. ಇವನ ಅಪ್ಪನಿಗೆ ಊರಲ್ಲಿ ತಲೆ ಎತ್ತೂಕಾಗ್ದು. ಇವನಿಗೊಂದು ನೌಕರಿ ಕೊಡಿ."

"ದುರ್ಗಮ್ಮ, ನಾನು ನೌಕರಿ ಕೊಡೂದಿಲ್ಲ. ದಾರಿ ತೋರಿಸೂದು ಅಷ್ಟೇ."

ದುರ್ಗಮ್ಮ ಮುಖ ಅರಳಿಸಿ ನಕ್ಕಳು. "ಗೊತ್ತದೆ, ಗೊತ್ತದೆ. ಮಾಮ್ಲೇದಾರ ಕಚೇರೀಲೂ ಮೊದ್ಲು ಇಲ್ಲ ಅಂತ್ಲೇ ಹೇಳೂದು. ಸಣ್ಣವರು ಹೌದು ಅಂತ್ರು, ದೊಡ್ಡವರು ಇಲ್ಲ ಅಂತ್ರು."

ಮಾಸ್ತರರು ಮೂರು ಬಗೆಯಲ್ಲಿ ಇಲ್ಲ ಅಂದರು. ಒಂದೊಂದು ಇಲ್ಲಕ್ಕೂ ಅವಳ ಕಣ್ಣಿನಲ್ಲಿ ಅವರ ಹುದ್ದೆ ಒಂದೊಂದು ಮೆಟ್ಟಿಲು ಏರಿತು. ಕೊನೆಗೆ ಸೋತು, ಪೆಟ್ಟಿಗೆ ತಂದು ಹುಡುಗನ ಮುಂದಿಟ್ಟರು. ಹುಡುಗ ತುಂಡುಗಳನ್ನು ಹಲಗೆಯಲ್ಲಿ ಕೂರಿಸಿದ್ದಲ್ಲದೆ, ಪೆಟ್ಟಿಗೆಯ ಸಡಿಲವಾಗಿದ್ದ ಕೀಲನ್ನೂ ಉಗುರಿನಿಂದ ತಿರುಗಿಸಿ ಬಿಗಿ ಮಾಡಿಟ್ಟ. ಮಾಸ್ತರರಿಗೆ ನಿಜವಾಗಿಯೂ ಖುಷಿಯಾಯಿತು. "ಯಂತ್ರದ ಕೆಲಸ ಮಾಡು ತಮಾ. ಆದರೆ ಲಾಂಚು, ದೋಣಿ ಬೇಡ. ನೆಲದ ಮೇಲೆ ನಿಂತಿರೂ ಯಂತ್ರ. ಅಕ್ಕಿ ಗಿರಣಿಯಂಥದ್ದು" ಅಂದರು.

ಸಣ್ಣ ಇದನ್ನು ಸರಕಾರಿ ಹುಕುಂ ಎಂದು ತಿಳಿದು ನೆಟ್ಟಗೆ ಪೇಟೆಯ ಅಕ್ಕಿ ಗಿರಣಿಗೆ ಹೋದ. ಗಿರಣಿಯ ಸಾಹೇಬರು ಭಟ್ಕಳದವರು, ಮೃದು ಮನುಷ್ಯ. ಲೈಸನ್ಸು ಹೊಸತು ಮಾಡಿಸಲು ಯಾವ ಕಚೇರಿಗೆ ಹೋದರೂ ನಾಳೆ ಬನ್ನಿ ಅನ್ನಿಸಿಕೊಂಡು ಬೇಸತ್ತಿದ್ದರು. "ಜಟ್ಟಪ್ಪ ಮಾಸ್ತರು ಹೇಳಿ ಕಳಿಸಿದ್ರು, ಅಕ್ಕಿ ಗಿರಣಿ ಕೆಲಸ ನಂದೇ ಅಂತೆ" ಎಂದು ಸಣ್ಣ ಹೇಳಿದಾಗ ಅವರು ಎದ್ದು ನಿಂತರು. "ಅರೇ, ಗೋರ್ಮೆಂಟಿನವರು ಹೇಳಿದ ಮೇಲೆ ಆತು ಬಿಡು. ಲೈಸನ್ಸಿನ ವಿಷಯ ಮಾಸ್ತರ್ ಸಾಹೇಬರ ಕಿವಿ ಮೇಲೆ ಸ್ವಲ್ಪ ಹಾಕು, ಹಾಂ?" ಎಂದು ಅಂದೇ ಕೆಲಸಕ್ಕೆ ಹಚ್ಚಿದರು. ಹುಡುಗ ಕೆಲವೇ ದಿನದಲ್ಲಿ ಕೆಟ್ಟು ನಿಂತ ಬೆಲ್ಟು ಓಡಿಸಿ ಅವರ ಪ್ರೀತಿ ಗಳಿಸಿದ್ದು ಬೇರೆ ಮಾತು. ಲೈಸನ್ಸೂ ಅದರ ಪಾಡಿಗೆ ಅದು ಬಂತು. ಅದೂ ಮಾಸ್ತರರ ಲೆಕ್ಕಕ್ಕೇ ಸೇರಿತು.

ಆಮೇಲೆ ತಡೆಯುವವರಿಲ್ಲದಂತಾಯಿತು. ಮುಟ್ಟಳ್ಳಿಯಿಂದ ಎಳನೀರು, ಮಂಕಿಯಿಂದ ಒಣಬಂಗಡೆ, ಕರ್ಕಿಯಿಂದ ಹಲಸಿನಹಣ್ಣು ಬಂದವು. 'ಕರಿಯರ್' ಶಬ್ದ ಯಾರ ಬಾಯಿಗೂ ಹೊಂದದೆ ಸೈಕಲ್ಲಿನ ಹಿಂದೆ ಇರುವ 'ಕ್ಯಾರಿಯರ್' ಆಗಿ, ಜಟ್ಟಪ್ಪ ಮಾಸ್ತರರು ತಾಲೂಕಿಗೆಲ್ಲ ಕ್ಯಾರಿಯರ್ ಮಾಸ್ತರರಾದರು. ಕರ್ಕಿಯ ಮುದುಕನೊಬ್ಬ, ಯಕ್ಷಗಾನದ ಮೇಳದಲ್ಲಿ ಮೂವತ್ತು ವರ್ಷ ಸ್ತ್ರೀವೇಷ ಮಾಡಿದವನು, ಇನ್ನು ಮುಂದೆ ತನಗೆ ರಾಜನ ವೇಷ ಕೊಡಿಸಬೇಕೆಂದು ಅರ್ಜಿ ಹಾಕಿದ. ಮಾಸ್ತರರು ಎಲ್ಲರಿಗೂ ಇಲ್ಲ ಅನ್ನುತ್ತಲೇ ಹೋದರು. ಎಲ್ಲರೂ ಗೊತ್ತದೆ ಅನ್ನುತ್ತಲೇ ಹೋದರು.

ಒಂದು ಭಾನುವಾರ ಈರಪ್ಪ ಕುಮಟೆಯಿಂದ ಬಂದ. ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದ. ಜಗಲಿಯ ಮೇಲೆ ಕೂರದೆ ಅಂಗಳದಲ್ಲೇ ನಿಂತ.

"ಬಾವ, ಕೂತ್ಕೊಳ್ಳಿ" ಅಂದರು ಮಾಸ್ತರರು.

"ನಿಮ್ಮೆದುರು ಹ್ಯಾಂಗೆ ಕೂರೂದು?" ಅಂದ ಈರಪ್ಪ. ಮಾದೇವಿ ಒಳಗಿನಿಂದ ಬಾಗಿ ನೋಡಿದಳು, ಅಣ್ಣನಿಗೆ ಜ್ವರ ಬಂದಿರಬಹುದೆಂದು. ಈರಪ್ಪ ಸ್ವರ ತಗ್ಗಿಸಿದ. "ವಖಾರಿ ಕೆಲಸ ಸಾಕಾತು ಬಾವ. ನಂಗೊಂದು ಸರಕಾರಿ ಕುರ್ಚಿ ನೋಡಿ. ವಯಸ್ಸು ಹೆಚ್ಚಾತು ನಿಜ, ಅದನ್ನೆಲ್ಲ ನೀವು ಸರಿ ಮಾಡ್ಕೊಳ್ತ್ರಿ."

ಇಲ್ಲಿ ಮಾಸ್ತರರು ಇಲ್ಲ ಅನ್ನಬೇಕಿತ್ತು. ದಿನಾ ಬೀದಿಯ ಜನರಿಗೆಲ್ಲ ಹೇಳಿ ಅಭ್ಯಾಸವಾಗಿದ್ದ ಆ ಎರಡಕ್ಷರ ಅಂದು ಮಾತ್ರ ಬಾಯಿಗೆ ಬರಲಿಲ್ಲ. ಹನ್ನೆರಡು ವರ್ಷ ಅಶೋಕನ ಮರ ಎಣಿಸಿದ ಮನುಷ್ಯ ಕೈಕಟ್ಟಿ ನಿಂತಿದ್ದಾನೆ! ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ನೋಡ್ವ" ಅಂದರು.

ಕಚೇರಿಗಳಲ್ಲಿ ನೋಡ್ವ ಅಂದರೆ ಆಯಿತು ಎಂದೇ ಅರ್ಥ. ಈರಪ್ಪ ಆ ದಿನದಿಂದ ಪ್ರತಿ ಭಾನುವಾರ ಬಂದು, ಬಾವನ ಅಂಗಳದಲ್ಲಿ ಜನರನ್ನು ಸಾಲಾಗಿ ನಿಲ್ಲಿಸುವ ಕೆಲಸವನ್ನು ತಾನೇ ವಹಿಸಿಕೊಂಡ. ಸರಕಾರಿ ಸೇವೆಗೆ ಈಗಲೇ ಸೇರಿದ್ದೇನೆ ಎಂದು ಅವನ ಭಾವನೆ.

ಈ ನಡುವೆ ಮಾಸ್ತರರು ಒಂದು ಒಳ್ಳೆಯ ಸಲಹೆಯನ್ನೂ ಕೊಟ್ಟಿದ್ದರು. ದುರ್ಗಮ್ಮನ ಮಗಳು ಮಂಜಿ ಚುರುಕಿನ ಹುಡುಗಿ. ಶಾಲೆಯಲ್ಲಿ ಒಬ್ಬಳು ಬಿದ್ದು ಮಂಡೆ ಒಡೆದುಕೊಂಡಾಗ ಮಾಸ್ತರರೆಲ್ಲ ಮುಖ ಬಿಳಿಚಿಕೊಂಡು ನಿಂತಿದ್ದರೆ, ಇವಳು ಸೆರಗು ಹರಿದು ಪಟ್ಟಿ ಕಟ್ಟಿದ್ದಳು. "ನೀನು ನರ್ಸು ಕಲಿ ಮಗಾ. ಕುಮಟೆಯ ಆಸ್ಪತ್ರೆಯಲ್ಲಿ ಕಲಿಸ್ತ್ರಂತೆ" ಎಂದು ಮಾಸ್ತರರು ಹೇಳಿದ್ದರು. ಮಂಜಿ ಮನೆಯಲ್ಲಿ ಹೇಳಿದಳು. ದಾಸನಿಗೆ ಅದು ಸಲಹೆಯಾಗಿ ಕೇಳಲಿಲ್ಲ. ಮಗನಿಗೆ ಗಿರಣಿ ಕೊಟ್ಟವರು ಮಗಳಿಗೆ ಆಸ್ಪತ್ರೆ ಕೊಟ್ಟರು. ಅವನು ಮಂಕಿಗೆ ಹೋಗಿ, ಮಂಜಿಗೆ ಗೊತ್ತುಮಾಡಿದ್ದ ಸಂಬಂಧದವರಿಗೆ, "ಸರಕಾರಿ ನೌಕರಿಯ ಹೆಣ್ಣಿಗೆ ಬಲೆ ಎಳೆಯೂ ಗಂಡು ಎಂತಕ್ಕೆ?" ಎಂದು ಹೇಳಿ ಮದುವೆ ಬಿಡಿಸಿಕೊಂಡು ಬಂದ. ಮಾಸ್ತರರಿಗೆ ಇದರ ಸುದ್ದಿಯೇ ಇರಲಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಜಿ ಪಾಸಾಗಿದ್ದಳು. ದಾಸ, ದುರ್ಗಮ್ಮ ಆರ್ಡರು ತೆಗೆದುಕೊಂಡು ಹೋಗಲು ಅವಳನ್ನು ಕರೆದುಕೊಂಡು ಬಂದಿದ್ದರು. ಸಾಲಿನ ಕೊನೆಯಲ್ಲಿ ಬಿಳಿ ಅಂಗಿಯ, ಕೊಡೆ ಹಿಡಿದ ತೆಳ್ಳಗಿನ ಒಬ್ಬರು ನಿಂತಿದ್ದರು. ಅವರು ಮುಂದೆ ಹೋಗಲು ನೋಡಿದಾಗ ಈರಪ್ಪ ಕೈ ಅಡ್ಡ ಹಿಡಿದ.

"ಸಾಲು, ಸಾಲು. ಎಲ್ಲಿವರೆಗೆ ಓದಿದ್ರಿ?"

"ಎಂ.ಎ." ಅಂದರು ಅವರು.

"ಹಾಂಗಾದ್ರೆ ಕಷ್ಟ" ಅಂದ ಈರಪ್ಪ ಕನಿಕರದಿಂದ. "ಅಷ್ಟು ಓದಿದವರಿಗೆ ಕೆಲಸ ಹುಡುಕೂದು ನಮ್ಗೂ ತಲೆನೋವು. ಆದ್ರೂ ಇರಲಿ, ಬಾವನ ಹತ್ರ ನಾ ಒಂದು ಮಾತು ಹೇಳ್ತೆ."

ಬಿಸಿಲಲ್ಲಿ ನಿಂತು, ಬೆವರಿ, ಕೊನೆಗೆ ಅವರ ಸರದಿ ಬಂತು. ಮಾಸ್ತರರು ಅಷ್ಟರಲ್ಲಿ ದಣಿದು ಮುಖ ಎತ್ತಿ ನೋಡುವುದನ್ನೂ ಬಿಟ್ಟಿದ್ದರು. ಹಲಗೆಯನ್ನು ಮುಂದೆ ತಳ್ಳಿದರು. ಆ ಗೃಹಸ್ಥರು ಸಿಟ್ಟಿನಲ್ಲಿ ಕೈಗೆ ಸಿಕ್ಕಿದ ಉರುಟು ತುಂಡನ್ನು ಚೌಕದ ತೂತಿನ ಮೇಲೆ ಕುಕ್ಕಿದರು. ಅದು ಹಾರಿ ಹೋಗಿ ಹಲಸಿನಹಣ್ಣಿಗೆ ಬಡಿಯಿತು.

"ಬೇಜಾರು ಮಾಡ್ಕೊಬೇಡಿ" ಅಂದರು ಮಾಸ್ತರರು ಅಂತಃಕರಣದಿಂದ. "ನಿಮ್ಗೆ ಜನರ ಜೊತೆ ಮಾಡೂ ಕೆಲಸ ಒಗ್ಗೂದಿಲ್ಲ. ಮಕ್ಕಳ ಹತ್ರ ಅಂತೂ ಬೇಡವೇ ಬೇಡ. ಈಗ ಎಂತ ಮಾಡ್ತಾ ಇದ್ರಿ?"

"ಕಾರವಾರದಲ್ಲಿ ಶಿಕ್ಷಣಾಧಿಕಾರಿ" ಅಂದರು ಅವರು.

ಮಾಸ್ತರರು ಎದ್ದು ನಿಲ್ಲಲು ಹೋಗಿ ಪೆಟ್ಟಿಗೆಯ ಮೇಲೆ ಕೂತರು. ಈರಪ್ಪ ಕೋಟು ಬಿಚ್ಚಿ ಕಂಕುಳಲ್ಲಿ ಹಿಡಿದುಕೊಂಡು, ಬಾಳೆಗಿಡಗಳ ನಡುವೆ ಒಂದು ದಾರಿಯನ್ನು ತಾನೇ ಕಂಡುಕೊಂಡ.

ಅಧಿಕಾರಿಗಳು ಜಗಲಿಯ ತುದಿಗೆ ಬಂದು ಅಂಗಳಕ್ಕೆ ಕೇಳುವಂತೆ ಹೇಳಿದರು. "ಇವರು ಹೈಸ್ಕೂಲು ಮಾಸ್ತರರು. ಇವರ ಹತ್ತಿರ ಯಾವ ನೌಕರಿಯೂ ಇಲ್ಲ. ಇದ್ದರೆ ಮೊದಲು ಇವರೇ ತೆಗೆದುಕೊಳ್ಳುತ್ತಿದ್ದರು." ಮಾಸ್ತರರ ಕಡೆ ತಿರುಗಿ, "ನಾಳೆಯೇ ಆ ಬೋರ್ಡು ಇಳಿಸಿ" ಅಂದು ಕೊಡೆ ಬಿಡಿಸಿ ಹೋದರು.

ಅಂಗಳದಲ್ಲಿ ಗುಜುಗುಜು ಎದ್ದಿತು. ಅಷ್ಟು ದಿನ ಮಾಸ್ತರರು ಹೇಳಿದ್ದನ್ನೇ ಬೇರೊಬ್ಬರು ಒಮ್ಮೆ ಹೇಳಿದ್ದಕ್ಕೆ ಎಲ್ಲರೂ ನಂಬಿದರು. ಒಬ್ಬ ತಾನು ತಂದ ಹಲಸಿನಹಣ್ಣನ್ನು ಎತ್ತಿ ಹೆಗಲ ಮೇಲೆ ಇಟ್ಟುಕೊಂಡ. ಇನ್ನೊಬ್ಬ ಎಳನೀರು ಹುಡುಕಿದ, ಅದನ್ನು ಮಾದೇವಿ ಬೆಳಿಗ್ಗೆಯೇ ಅವನಿಗೇ ಕುಡಿಯಲು ಕೊಟ್ಟಿದ್ದಳು. ಜನ ಕರಗಿತು. ಉಳಿದವರು ಮೂವರು, ದಾಸ, ದುರ್ಗಮ್ಮ, ಮಂಜಿ.

"ಮಾಸ್ತರೇ" ಅಂದ ದಾಸ. ಅವನ ಸ್ವರ ಸಣ್ಣದಾಗಿತ್ತು. "ನಿಮ್ಮ ಮಾತು ಹಿಡಿದು ಮಂಕಿ ಸಂಬಂಧ ಬಿಟ್ಟೆ. ಅವರು ಬೇರೆ ಹೆಣ್ಣು ನೋಡಿ ಮದುವೆ ಮಾಡಿ ಆತು. ಈಗ ನಾ ಊರಲ್ಲಿ ಎಂತ ಹೇಳ್ಲಿ? ಇವಳ ಗತಿ ಎಂತದು?"

ಮಾಸ್ತರರು ಇಲ್ಲ ಅಂದೆನಲ್ಲ ಎಂದು ಹೇಳಲು ಹೊರಟರು. ಆದರೆ ಮಂಜಿಯ ಮುಖ ನೋಡಿದರು. ಅವಳು ಅಳುತ್ತಿರಲಿಲ್ಲ, ಅಪ್ಪನ ಹಿಂದೆ ನಿಂತು ಚದುರಿ ಬಿದ್ದ ಮರದ ತುಂಡುಗಳನ್ನು ಹೆಕ್ಕಿ ಪೆಟ್ಟಿಗೆಗೆ ಹಾಕುತ್ತಿದ್ದಳು. ಮಾದೇವಿ ಬಾಗಿಲಲ್ಲಿ ಬಂದು ನಿಂತು, "ಕುಮಟೆ ಬಸ್ಸು ಎಲ್ಲಾ ದಿನ ಹೋಗ್ತದಲ್ಲ?" ಅಂದಳು, ಯಾರಿಗೂ ಅಲ್ಲ ಎಂಬಂತೆ.

"ನಾಳೆ ಸೋಮವಾರ ಆಸ್ಪತ್ರೆಯಲ್ಲಿ ಹುಡುಗಿಯರನ್ನು ಆರಿಸ್ತ್ರಂತೆ" ಅಂದರು ಮಾಸ್ತರರು. "ಕೊಡಿಸ್ತೆ ಅಂತ ಹೇಳೂದಿಲ್ಲ ದಾಸ. ಜೊತೆಗೆ ಬತ್ತೆ."

ಸೋಮವಾರ ಬಸ್ಸಿನಲ್ಲಿ ದಾಸ ಕಿಟಕಿಯ ಹೊರಗೇ ನೋಡುತ್ತ ಕೂತ. ಮಾಸ್ತರರು ಅದನ್ನು ತಾಳಲಾರದೆ ಮಂಜಿಗೆ ದಾರಿಯುದ್ದಕ್ಕೂ ಉತ್ತರ ಹೇಳಿಕೊಟ್ಟರು. "ಯಾಕೆ ನರ್ಸು ಆಗ್ಬೇಕು ಅಂತ ಕೇಳಿದ್ರೆ, ಮಾನವ ಸೇವೆಯ ಉನ್ನತ ಆದರ್ಶದಿಂದ ಪ್ರೇರಿತಳಾಗಿ, ಅಂತ ಹೇಳು. ಪ್ರೇರಿತಳಾಗಿ. ತ ಬತ್ತದೆ." ಮಂಜಿ ಪ್ರೇರಿತಳಾಗಿ, ಪ್ರೇರಿತಳಾಗಿ ಎಂದು ಹೇಳಿಕೊಂಡಳು. ಬಸ್ಸು ಕುಲುಕಿದಾಗಲೆಲ್ಲ ಒಂದೊಂದು ಅಕ್ಷರ ಬಿದ್ದುಹೋಗುತ್ತಿತ್ತು.

ಆಸ್ಪತ್ರೆಯಲ್ಲಿ ಬಾಗಿಲು ಕಾಯುವ ಪಟ್ಟೇವಾಲ ಕೂತಿದ್ದ. ಹುಡುಗಿಯರೆಲ್ಲ ಒಳಗೆ ಹೋದರು. ಮಾಸ್ತರರು ತಾವೂ ಹೋಗಿ ದೊಡ್ಡ ಡಾಕ್ಟರಮ್ಮನ ಹತ್ತಿರ ಒಂದು ಒಳ್ಳೆಯ ಮಾತು ಹೇಳಬೇಕೆಂದು ಮುಂದೆ ಬಂದರು.

"ಯಾರು ನೀವು?"

ಮಾಸ್ತರರು ಎದೆ ಮುಂದೆ ಮಾಡಿ, "ಹೊನ್ನಾವರದ ಕರಿಯರ್ ಮಾಸ್ತರ್" ಅಂದರು.

"ಕ್ಯಾರಿಯರಿನವರಾ? ಹಿಂದಿನ ಬಾಗಿಲು" ಅಂದ ಪಟ್ಟೇವಾಲ. "ಬೆಳಗಿಂದ ಕಾಯ್ತಾ ಇದ್ರು ಅಲ್ಲಿ. ಬೇಗ ಹೋಗಿ."

ಕಾಯುತ್ತಿದ್ದಾರೆ ಎಂದರೆ ಹುಡುಗಿಯ ಬಗ್ಗೆ ಕೇಳಲಿಕ್ಕೇ ಇರಬೇಕೆಂದು ಮಾಸ್ತರರು ಓಡಿದರು. ಹಿಂದಿನ ಬಾಗಿಲಲ್ಲಿ ಹೊಗೆಯ ನಡುವೆ ಹೊನ್ನಮ್ಮ ಎಂಬ ಅಡುಗೆಯವಳು ಸೌಟು ಹಿಡಿದು ನಿಂತಿದ್ದಳು. ರೋಗಿಗಳಿಗೆ ಊಟ ಒಯ್ಯುವವನು ಆ ದಿನ ಬಂದಿರಲಿಲ್ಲ.

"ಈಗ ಬಂದ್ರ್ಯಾ?" ಅಂದಳು.

"ಅಮ್ಮಾ, ನಾನು ಮಾಸ್ತರ..."

"ಮಾಸ್ತರಾದ್ರೆ ಎಂತ, ಮಾಮ್ಲೇದಾರಾದ್ರೆ ಎಂತ, ಗಂಜಿ ಆರ್ತದೆ!" ಎಂದು ಹೊನ್ನಮ್ಮ ಅವರ ಎರಡೂ ಕೈಗೆ ಎರಡು ಟಿಫಿನ್ ಕ್ಯಾರಿಯರ್ ತಗುಲಿಸಿ ಬೆನ್ನು ತಳ್ಳಿದಳು. ಕೈ ತುಂಬಿದ ಮನುಷ್ಯ ವಾದ ಮಾಡಲಾರ. ಮಾಸ್ತರರು ವಾರ್ಡಿಗೆ ಹೋದರು. ಹಸಿದ ಮುಖಗಳು ಒಟ್ಟಿಗೆ ಅವರ ಕಡೆ ತಿರುಗಿದವು. ಬಡಿಸದೆ ಬೇರೆ ದಾರಿ ಇರಲಿಲ್ಲ. ಒಬ್ಬ ಅಜ್ಜ ಉಪ್ಪಿಲ್ಲ ಅಂದ. ಉಪ್ಪು ತಂದು ಕೊಟ್ಟರು. ಇನ್ನೊಬ್ಬನಿಗೆ ಕೈ ಎತ್ತಲಾಗುತ್ತಿರಲಿಲ್ಲ. ಅವನಿಗೆ ಚಮಚದಲ್ಲಿ ಕುಡಿಸಿದರು. ನೆನಪಾಗಿ ಹಾರಿ ಎದ್ದಾಗ ಹೊತ್ತು ಏರಿತ್ತು. ಕ್ಯಾರಿಯರ್ ಸಮೇತ ಓಡಿ ಬಂದು ಡಾಕ್ಟರಮ್ಮನ ಕೋಣೆಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತರು. ಹೊರಗೆ ಬರುತ್ತಿದ್ದ ಡಾಕ್ಟರಮ್ಮ, "ಊಟವಾ? ಮೇಜಿನ ಮೇಲೆ ಇಡಿ" ಎಂದು ದಾಟಿ ಹೋದರು.

ಮಂಜಿ ಹಿಂದಿನಿಂದ ಬಂದಳು.

"ಎಂತ ಆತು? ಆದರ್ಶ ಹೇಳಿದ್ಯಾ?"

"ಮರ್ತೋತು ಮಾಸ್ತರೇ. ರಕ್ತ ಕಂಡ್ರೆ ಹೆದರಿಕೆಯಾ ಅಂತ ಕೇಳಿದ್ರು. ದಿನಾ ಮೀನು ಕೊಯ್ಯೂ ಮನೆ ನಮ್ದು ಅಂದೆ. ನಕ್ರು. ರಾತ್ರಿ ನಿದ್ದೆಗೆಟ್ಟು ಇರ್ತೀಯಾ ಅಂತ ಕೇಳಿದ್ರು. ಅಪ್ಪ ದೋಣಿ ಹೊಡ್ಕಂಡು ಬರೂವರೆಗೆ ಎಲ್ಲಾ ದಿನ ಹಾಂಗೇ ಇರೂದು ಅಂದೆ. ಆಗ ನಗ್ಲಿಲ್ಲ." ಅವಳು ಮಾಸ್ತರರ ಕೈಯಿಂದ ಒಂದು ಕ್ಯಾರಿಯರ್ ತೆಗೆದುಕೊಂಡಳು. "ಬರೂ ತಿಂಗಳು ಹಾಸಿಗೆ ಕಟ್ಕಂಡು ಬಾ ಅಂದ್ರು."

ದಾಸ ಗೋಡೆಗೆ ಒರಗಿ ಕೂತಿದ್ದವನು ಹೆಗಲ ಪಂಜಿಯಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಮಾಸ್ತರರಿಗೆ ಚಹ, ಗೋಳಿಬಜೆ ಕೊಡಿಸಿ ಎದುರಿಗೆ ಕೂತ.

"ಮಾಸ್ತರೇ, ನೀವು ಅಷ್ಟು ಹೊತ್ತು ಒಳಗೆ ಎಂತ ಮಾಡ್ತಾ ಇದ್ರಿ?"

"ಗಂಜಿ ಬಡಿಸ್ತಾ ಇದ್ದೆ" ಅಂದರು ಮಾಸ್ತರರು, ಸುಳ್ಳು ಹೇಳುವ ತ್ರಾಣವಿಲ್ಲದೆ.

ದಾಸ ತುಂಬ ಯೋಚಿಸಿದ. "ಒಳ್ಳೇದು ಮಾಡಿದ್ರಿ" ಅಂದ.

ಹೆಡ್‌ಮಾಸ್ತರರು ಮರದ ಪೆಟ್ಟಿಗೆಯನ್ನು ಡ್ರಿಲ್ ಮಾಸ್ತರರಿಗೆ ವಹಿಸಿಕೊಟ್ಟರು. ಅವರು ಎಲ್ಲ ಹುಡುಗರಿಗೂ ಪೊಲೀಸರಾಗಿ ಎಂದರು. ಯಾರಿಗೂ ತೊಂದರೆಯಾಗಲಿಲ್ಲ. ಜಟ್ಟಪ್ಪ ಮಾಸ್ತರರು ಅಶೋಕನ ಕಡೆಗೆ ಮರಳಿದರು.

ಎರಡು ವರ್ಷ ಕಳೆದು ಊರಲ್ಲಿ ಕಾಲರಾದ ಸುದ್ದಿ ಹಬ್ಬಿತು. ಶಾಲೆಗೆ ಸೂಜಿ ಚುಚ್ಚುವವರು ಬಂದರು. ಮಕ್ಕಳು ಹೆದರಬಾರದೆಂದು ಮೊದಲು ಮಾಸ್ತರರೆಲ್ಲ ಚುಚ್ಚಿಸಿಕೊಳ್ಳಬೇಕೆಂದು ಹೆಡ್‌ಮಾಸ್ತರರು ಹುಕುಂ ಮಾಡಿದರು, ಮಾಡಿ ತಾವು ಕಚೇರಿ ಕೆಲಸವೆಂದು ಒಳಗೆ ಹೋದರು. ಜಟ್ಟಪ್ಪ ಮಾಸ್ತರರಿಗೆ ಹುಟ್ಟಿದಾಗಿನಿಂದ ಸೂಜಿಯೆಂದರೆ ಜೀವ ಹಾರುತ್ತಿತ್ತು. ಗೋಡೆ ಹಿಡಿದು ಸಾಲಿನ ಹಿಂದೆ ಹಿಂದೆ ಸರಿಯುತ್ತಿದ್ದಾಗ ಯಾರೋ ಅವರ ತೋಳು ಹಿಡಿದರು.

ಬಿಳಿ ಸೀರೆ, ಬಿಗಿಯಾಗಿ ಕಟ್ಟಿದ ತುರುಬು, ಕೈಯಲ್ಲಿ ಸ್ಪಿರಿಟಿನ ಹತ್ತಿ. ಮಂಜಿ.

"ನೀನು? ನೀನೇ ಚುಚ್ಚೂದಾ? ನಾ ಆಮೇಲೆ ಬತ್ತೆ ಮಗಾ, ಮೊದ್ಲು ಮಕ್ಕಳಿಗೆ..."

"ಅಂಗಿ ತೋಳು ಮೇಲೆ ಮಾಡಿ ಮಾಸ್ತರೇ." ಸ್ವರ ಮೆತ್ತಗಿತ್ತು, ಆದರೆ ಅದನ್ನು ಮೀರುವ ಹಾಗಿರಲಿಲ್ಲ. ಎಂಟನೇ ತರಗತಿಯ ಮಕ್ಕಳೆಲ್ಲ ಉಸಿರು ಹಿಡಿದು ನೋಡುತ್ತಿದ್ದರು. ಮಾಸ್ತರರು ತೋಳು ಚಾಚಿ, ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿದರು.

"ನಮ್ಮ ಸಣ್ಣಣ್ಣ ಗಿರಣಿಗೆ ಹೊಸ ಇಂಜಿನ್ ಹಾಕ್ಸಿದ, ಗೊತ್ತಾತಾ?" ಅಂದಳು ಮಂಜಿ.

"ಹೌದಾ? ಯಾವಾಗ? ಅದು ಇರಲಿ, ನೀ ಬೇಗ ಚುಚ್ಚಿ ಮುಗ್ಸು ಮಗಾ. ನಂಗೆ ಕಾಯೂಕಾಗೂದಿಲ್ಲ."

ಮಕ್ಕಳು ಗೊಳ್ಳೆಂದು ನಕ್ಕರು. ಮಾಸ್ತರರು ಒಂದು ಕಣ್ಣು ತೆರೆದು ನೋಡಿದರು. ಮಂಜಿ ಅವರ ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದಿದ್ದಳು.

"ಆತು, ಮಾಸ್ತರೇ."